ಲಾಲ್‌ಜೀಯ ನೀರು

ಅಹಮದಾಬಾದು ಬೆಳೆಯಿತಂತೆ. ಬೆಳೆಯದೆ ಏನು, ತಿಂದು ತಿಂದು ಹೊಟ್ಟೆಬಾಕನ ಹೊಟ್ಟೆ ಬೆಳೆದ ಹಾಗೆ ಬೆಳೆಯಿತು. ಮೊದಲು ಗಿರಣಿಗಳ ಹೊಗೆ ಕುಡಿಯಿತು, ಗಿರಣಿ ಮುಚ್ಚಿದ ಮೇಲೆ ಆ ಜಾಗವನ್ನೂ ನುಂಗಿತು. ಕಲ್ಲಂಗಡಿ ಬೆಳೆಯುತ್ತಿದ್ದ ಸಾಬರಮತಿಯ ಮರಳಿಗೆ ಎರಡೂ ಕಡೆ ಗೋಡೆ ಕಟ್ಟಿ, ನರ್ಮದೆಯ ನೀರು ತಂದು ತುಂಬಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು. ಕೋಟೆಯೊಳಗಿನ ಪೋಳಗಳಲ್ಲಿ, ಒಂದೇ ಹೆಬ್ಬಾಗಿಲಿನ ಆ ಹಳೇ ಓಣಿಗಳಲ್ಲಿ, ಹುಟ್ಟಿದವರೆಲ್ಲ ಹೊಳೆ ದಾಟಿ ಫ್ಲಾಟು ಸೇರಿದರು. ಈಗ ಅದೇ ಜನ ವಾಪಸು ಬಂದು ಓಣಿಯನ್ನು ಪರಂಪರೆ ಅಂತ ಮಾರುತ್ತಿದ್ದಾರೆ. ಥೂ, ನಾಚಿಕೆಗೆಟ್ಟವರು!

ರಸೀಲಾಬೆನ್ ಮಾತ್ರ ಎಲ್ಲೂ ಹೋಗಿರಲಿಲ್ಲ. ಅವಳ ಅಂಗಳದ ಕೆಳಗೆ ಟಾಂಕಾ ಇತ್ತು, ಗಾರೆಯ ನೆಲತೊಟ್ಟಿ. ಮಘೆ ಮಳೆ ಹಿಡಿಯಿತೆಂದರೆ ಮಾಳಿಗೆ ತೊಳೆದು ಆ ನೀರನ್ನು ಅದಕ್ಕೆ ಇಳಿಸಿಕೊಳ್ಳುತ್ತಿದ್ದಳು. ಮನೆಯ ಲಾಲ್‌ಜೀಗೆ, ಆ ಪುಟ್ಟ ಹಿತ್ತಾಳೆಯ ಬಾಲಕೃಷ್ಣನಿಗೆ, ವರ್ಷವಿಡೀ ಅದೇ ನೀರು. ನಲ್ಲಿ ನೀರು ಅವನ ಝಾರಿ ಗಿಂಡಿಗೆ ಬಿದ್ದದ್ದೇ ಇಲ್ಲ.

ಪಕ್ಕದ ಮನೆ ನಿಕುಂಜನದು. ಹಿಂದೆ ಅಣ್ಣತಮ್ಮಂದಿರು ಕಟ್ಟಿಸಿದ ಮನೆಗಳವು. ಒಂದೇ ನೆಲತೊಟ್ಟಿಗೆ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ಹೊಳೆಯಾಚೆ ಬಿಲ್ಡರ್ ಆಗಿ ಮೆರೆದ ನಿಕುಂಜ ಈಗ ಅಪ್ಪನ ಮನೆಯನ್ನು ಹೋಟೆಲು ಮಾಡಿದ್ದ. ಕೋಣೆಗೊಂದು ಕಕ್ಕಸು ಕಟ್ಟಿಸಿದ್ದ, ಆದರೆ ಓಣಿಯಲ್ಲಿ ಚರಂಡಿ ಅಗೆದದ್ದನ್ನು ಯಾರೂ ನೋಡಿರಲಿಲ್ಲ. ಹೋಟೆಲು ತೆರೆದ ಮೇಲೆ ರಸೀಲಾಬೆನ್ನಳ ನೀರಿಗೆ ಏನೋ ಒಂಥರಾ ವಾಸನೆ ಹತ್ತಿತು.

"ನಿಕ್ಕು, ನಿಜ ಹೇಳು. ಕಕ್ಕಸಿನ ಪೈಪು ಎಲ್ಲಿಗೆ ಬಿಟ್ಟಿದ್ದೀಯೋ?"

"ಅಯ್ಯೋ ಕಾಕಿ, ಅದು ಹಳೇ ಸುಣ್ಣದ ವಾಸನೆ! ನಿಮ್ಮ ಲಾಲ್‌ಜೀ ಆಣೆಗೂ ನಮ್ಮ ಟಾಂಕಾ ಒಣಗಿ ಬಿದ್ದಿದೆ."

ಇವನು ಕೂಸಾಗಿದ್ದಾಗ ಕಣ್ಣು ಬೇನೆ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡು ಮಘೆ ನೀರು ಬಿಟ್ಟವಳು ಅವಳು. ಆಣೆ ಇಟ್ಟ ಮೇಲೆ ನಂಬದೆ ಏನು ಮಾಡಿಯಾಳು? ನೀರನ್ನು ಬಟ್ಟೆಯಲ್ಲಿ ಸೋಸಿ, ತುಳಸಿ ಹಾಕಿ, ಎಂದಿನಂತೆ ಝಾರಿ ತುಂಬಿದಳು.

ಭಾನುವಾರ ನಿಕುಂಜ ಅತಿಥಿಗಳ ದಂಡು ಕಟ್ಟಿಕೊಂಡು ಅವಳ ಅಂಗಳಕ್ಕೇ ಬಂದ. ತನ್ನ ಕಡೆಯ ಟಾಂಕಾದ ಮೇಲೆ ಟೈಲ್ಸ್ ಹಾಕಿಸಿದ್ದನಲ್ಲ, ತೋರಿಸಲು ಇವಳದೇ ಬೇಕಿತ್ತು.

"ನಮ್ಮ ಹಿರಿಯರು ಮಳೆಯನ್ನ ಹೀಗೆ ಜೋಪಾನ ಮಾಡಿದ್ರು. ಗಂಗಾಜಲ ಅನ್ನಿ!" ಎಂದು ಕೊರೆಯತೊಡಗಿದ.

ಬಂದವರಿಗೆ ಮೊದಲು ನೀರು ಕೊಡದೆ ಮಾತಾಡಿಸುವ ಮನೆ ಆ ಓಣಿಯಲ್ಲಿಲ್ಲ. ರಸೀಲಾಬೆನ್ ಟಾಂಕಾದ ನೀರನ್ನೇ ಲೋಟಗಳಿಗೆ ತುಂಬಿ ತಟ್ಟೆಯಲ್ಲಿಟ್ಟು ತಂದಳು. ನಿಕುಂಜ ಕೈಯಲ್ಲಿದ್ದ ಬಾಟಲಿ ತೋರಿಸಿ ತನಗೆ ಬೇಡವೆಂದ. ಸೂರತ್ತಿನಿಂದ ಬಂದಿದ್ದ ಬಸುರಿ ಹೆಂಗಸೊಬ್ಬಳು ಲೋಟ ಎತ್ತಿ ತುಟಿಗೆ ತಂದಳು.

"ಬೇಡ! ಕುಡೀಬೇಡಿ!" ನಿಕುಂಜ ಕೂಗಿ ಅವಳ ಕೈಗೆ ಹೊಡೆದುಬಿಟ್ಟ. ಲೋಟ ಠಣ್ಣೆಂದು ಉರುಳಿತು.

ರಸೀಲಾಬೆನ್ ನೆಲದ ಮೇಲಿನ ನೀರು ನೋಡಿದಳು, ಅವನ ಮುಖ ನೋಡಿದಳು.

"ಪೈಪನ್ನ ಟಾಂಕಾಕ್ಕೇ ಬಿಟ್ಟಿದ್ದೀಯ."

"ಕಾಕಿ, ಓಣಿ ಅಗೆಯೋಕೆ ಒಪ್ಪಿಗೆ ಸಿಗ್ಲಿಲ್ಲ... ನಡುವಿನ ಗೋಡೆ ಗಟ್ಟಿ ಇದೆ ಅಂದ್ಕೊಂಡೆ. ಆಮೇಲೆ ಮಾತಾಡೋಣ, ಜನ ಇದಾರೆ."

"ಇರಲಿ, ಕೇಳಲಿ! ಅವಳ ಬಾಯಿಗೆ ಹೋಗೋ ಮುಂಚೆ ನಿನ್ನ ಕೈ ಓಡಿತು. ನನ್ನ ಲಾಲ್‌ಜೀಗೆ ದಿನಾ ಕುಡಿಸ್ತಿದ್ದೆನಲ್ಲೋ ಪಾಪಿ, ಆಗ ನಿನ್ನ ನಾಲಿಗೆ ಸೇದಿಹೋಗಿತ್ತಾ?"

"ಶುದ್ಧಿ ಮಾಡಿಸೋಣ ಕಾಕಿ, ದೊಡ್ಡದಾಗೇ ಪೂಜೆ ಇಟ್ಕೊಳ್ಳೋಣ. ಇವರೆಲ್ಲ ನೋಡೋ ಹಾಗೆ..."

ಅವನನ್ನು ಬೈಯಲೂ ಅಸಹ್ಯವಾಗಿ ರಸೀಲಾಬೆನ್ ಒಳಗೆ ಹೋದಳು. ಬೆಳಿಗ್ಗೆ ತುಂಬಿಟ್ಟ ಝಾರಿಯನ್ನು ಬಚ್ಚಲಿಗೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿ, ಮೊದಲ ಸಲ ನಲ್ಲಿಯ ಕೆಳಗೆ ಹಿಡಿದಳು. ಆಮೇಲೆ ಲಾಲ್‌ಜೀಯನ್ನು ಮಡಿಲಲ್ಲಿ ಕೂರಿಸಿಕೊಂಡಳು. ಸೆರಗಿನ ತುದಿ ಒದ್ದೆ ಮಾಡಿ ಅವನ ಪುಟ್ಟ ಬಾಯಿ ಒರೆಸಿದಳು. ಮತ್ತೆ ಒದ್ದೆ ಮಾಡಿಕೊಂಡಳು, ಮತ್ತೆ ಒರೆಸಿದಳು.