ಮರುಳಪ್ಪನವರ ಬ್ರೇಕ್ ಎಣ್ಣೆ

ಹೊನ್ನವಳ್ಳಿಯ ಮರುಳಪ್ಪನವರು ಕೊಬ್ಬರಿ ಎಣ್ಣೆ ಹಾಕದೆ ಬಿಟ್ಟ ವಸ್ತು ಆ ಮನೆಯಲ್ಲಿ ಇರಲಿಲ್ಲ. ಬಾಗಿಲ ಕೀಲು, ಹೊಲಿಗೆ ಯಂತ್ರ, ಹಸುವಿನ ಗೊರಸು, ತಮ್ಮದೇ ಮಂಡಿ, ಎಲ್ಲಕ್ಕೂ ಒಂದೇ ಮದ್ದು. ತಮ್ಮ ತೋಟದ ಕೊಬ್ಬರಿ, ತಾವೇ ಮುಂದೆ ನಿಂತು ಗಾಣದಲ್ಲಿ ಆಡಿಸಿದ ಎಣ್ಣೆ. ಹಾಗಾಗಿ ಎರಡು ವಾರದ ಹಿಂದೆ ಒಂದು ಭಾನುವಾರ ಅವರು ಕಾರಿನ ಬಾನೆಟ್ ಎತ್ತಿ, ಎಣ್ಣೆಯ ಲೋಟ ಹಿಡಿದು ಬಗ್ಗಿದ್ದನ್ನು ಕಂಡಾಗ ಸೊಸೆ ಜೀವಿತಾಳಿಗೆ ಏನೂ ಅನ್ನಿಸಲಿಲ್ಲ. ಬಾನೆಟ್ಟಿನ ಕೀಲಿಗಿರಬೇಕು ಎಂದುಕೊಂಡು ದೋಸೆ ಮಗುಚಲು ಒಳಗೆ ಹೋದಳು. ಅವಳಿಗೆ ಏನೂ ಅನ್ನಿಸದೇ ಇರುವುದು ಅಪರೂಪ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸ್ಸು ಬಂದು ನೋಡುವ ಹೆಂಗಸು ಅವಳು.

ಆಮೇಲೆ ಬ್ರೇಕ್ ಮೆತ್ತಗಾಯಿತು. ಒಂದು ಸಲ ಒತ್ತಿದರೆ ನಿಲ್ಲುತ್ತಿದ್ದ ಕಾರು ಎರಡು ಸಲ ಹೇಳಿಸಿಕೊಳ್ಳತೊಡಗಿತು. ಗಂಡ ಬಸವಕುಮಾರ್, "ಬ್ರೇಕಲ್ಲ ಕಣೇ, ನಿನ್ನ ಕಾಲೇ ಮೆತ್ತಗೆ" ಎಂದ. ದಿನವೂ ಅದೇ ಕಾರಿನಲ್ಲಿ ಆರು ವರ್ಷದ ಮಗಳು ನಿಸರ್ಗಳನ್ನು ಹಿಂದೆ ಕೂರಿಸಿಕೊಂಡು ಅವಳು ತಿಪಟೂರಿನ ಶಾಲೆಗೆ ಹೋಗುತ್ತಿದ್ದಳು. ಮಗಳು ಕಲಿಯಲು, ತಾನು ಕಲಿಸಲು. ಶುಕ್ರವಾರ ತೆಂಗಿನ ಮಟ್ಟೆ ತುಂಬಿದ ಟ್ರ್ಯಾಕ್ಟರಿನ ಹಿಂದೆ ಕಾರು ನಿಂತಾಗ ನಡುವೆ ಉಳಿದಿದ್ದು ಒಂದು ಗೇಣು. ಟ್ರೈಲರಿನ ಮೇಲೆ ಬರೆದಿದ್ದನ್ನು ನಿಸರ್ಗ ಅಕ್ಷರ ಕೂಡಿಸಿಕೊಂಡು ಓದಿದಳು: "ನಿಧಾನವೇ ಪ್ರಧಾನ."

ಶನಿವಾರ ಜೀವಿತಾ ತಿಪಟೂರಿನಲ್ಲಿ ಮೆಕ್ಯಾನಿಕ್ ಭೀಮರಾಜುವಿನ ಶೆಡ್ಡಿಗೆ ಕಾರು ತಂದಳು. ಮಾವನೂ ಬಂದರು. ಕಾರಿಗೆ ಯಾರೇ ಕೈ ಹಾಕಲಿ, ತಾವು ಎದುರಿಗಿರಬೇಕು ಎಂಬುದು ಅವರ ನೇಮ. ಹಳೆಯ ಟೈರೊಂದರ ಮೇಲೆ ಟವೆಲ್ ಹಾಸಿಕೊಂಡು ಕೂತರು.

ಭೀಮರಾಜು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸಿದ. "ಇದನ್ನ ಬದ್ಲಾಯ್ಸಿ ಎಷ್ಟು ವರ್ಸ ಆಯ್ತಕ್ಕ? ನೀರು ಸೇರ್ಕಂಡದೆ. ಹಳೇದು ಬುಟ್ಟು, ಹೊಸದು ಹಾಕಿ, ಏರ್ ತೆಗೆದ್ರೆ ಮುಗೀತು. ನೀವು ಸೀಟಲ್ಲಿ ಕೂತ್ಕಳಿ. ಒತ್ತಿ ಅಂದಾಗ ಒತ್ತಿ. ಬುಡಿ ಅನ್ನೋಗಂಟ ಕಾಲು ಎತ್ತಬ್ಯಾಡಿ, ಗಾಳಿ ಒಳಕ್ಕೆ ಹೋಯ್ತದೆ."

ಅವನು ಹಿಂದಿನ ಎಡ ಚಕ್ರದ ಬಳಿ ಮಲಗಿ, ಅಲ್ಲಿದ್ದ ಸಣ್ಣ ಸ್ಕ್ರೂಗೆ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟ. ಒತ್ತಿ. ಹಿಡ್ಕಳಿ. ಬುಡಿ. ಮದುವೆಯಾದ ಎಂಟು ವರ್ಷದಲ್ಲಿ ಜೀವಿತಾ ಯಾರ ಮಾತನ್ನೂ ಇಷ್ಟು ಚಾಚೂ ತಪ್ಪದೆ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಬಾಟಲಿ ಎತ್ತಿ ತೋರಿಸಿದ. ಕೆಳಗೆ ಕಂದು ಬಣ್ಣ, ಮೇಲೆ ತಿಳಿಯಾದ ಒಂದು ಪದರ. "ನೋಡಿ, ನೀರು."

ಬ್ರೇಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಜೀವಿತಾ ಫೋನಿನಲ್ಲಿ ಓದಿಕೊಂಡೇ ಬಂದಿದ್ದಳು. ನೀರಾದರೆ ಬ್ರೇಕ್ ಆಯಿಲಿನಲ್ಲಿ ಕರಗಿಹೋಗುತ್ತದೆ, ಹೀಗೆ ಮೇಲೆ ತೇಲುವುದಿಲ್ಲ. ಭಾನುವಾರದ ಲೋಟ ನೆನಪಾಯಿತು. ವಾಸನೆ ಹಿಡಿದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮೂವರ ತಲೆಯಲ್ಲೂ ಅದೇ ಎಣ್ಣೆ ಇತ್ತು. ಆ ಸೀಮೆಯಲ್ಲಿ ಅದು ವಾಸನೆಯಲ್ಲ, ಗಾಳಿ.

"ಭೀಮರಾಜು, ಸುಮ್ಮನೆ ಕೇಳ್ತೀನಿ. ಯಾರಾದ್ರೂ ಇದಕ್ಕೆ ಬೇರೆ ಎಣ್ಣೆ ಹಾಕಿದ್ರೆ?"

"ಒಳಗಿನ ರಬ್ಬರೆಲ್ಲ ನೆನೆಹಾಕಿದ ಅವರೆಕಾಳಿನಂಗೆ ಊದ್ಕತವೆ. ಬರೀ ತೊಳೆದ್ರೆ ಆಗಲ್ಲ, ಎಲ್ಲಾ ಕಿತ್ತು ಹೊಸದು ಹಾಕ್ಬೇಕು. ಇಲ್ದಿದ್ರೆ ಒಂದಿನ ಪೆಡಲ್ಲು ನೆಲಕ್ಕೋಯ್ತದೆ, ಕಾರು ಮುಂದಕ್ಕೋಯ್ತದೆ. ಅಂಥ ತಲೆ ಕೆಟ್ಟೋನು ಯಾವನವ್ನೆ ಬುಡಿ!"

ಟೈರಿನ ಮೇಲಿದ್ದ ಮರುಳಪ್ಪನವರು ರಸ್ತೆಯಾಚೆಯ ತೆಂಗಿನ ಮರವನ್ನು, ಅದರ ಗೊನೆ ಎಣಿಸುವವರಂತೆ, ನೋಡುತ್ತಿದ್ದರು.

ಜೀವಿತಾ ಮಾತುಗಳನ್ನು ಒಂದೊಂದಾಗಿ ತೂಗಿದಳು. "ಮಾವ, ನೀವೇ" ಎಂದು ಶುರುವಾಗುವ ಯಾವ ವಾಕ್ಯವನ್ನೂ ಪರರ ಎದುರಿಗೆ ಆಡುವ ಹಾಗಿಲ್ಲ. ಆಡದಿದ್ದರೆ ಸೋಮವಾರ ಬರುತ್ತದೆ, ಹಿಂದಿನ ಸೀಟಿನಲ್ಲಿ ನಿಸರ್ಗ ಕೂರುತ್ತಾಳೆ.

"ಹಾಗಾದ್ರೆ ರಬ್ಬರೆಲ್ಲ ಬದಲಾಯಿಸಿಬಿಡಿ," ಎಂದಳು. "ಹಾಕಿದ್ದು ನಾನೇ. ಡಬ್ಬಿಯಲ್ಲಿ ಕಮ್ಮಿ ಇತ್ತು." ಸುಳ್ಳಿಗೆ ಒಂದು ವಿವರವಿರಲಿ ಎಂದು ಸೇರಿಸಿದಳು: "ಅಂಗಡಿಯ ಪ್ಯಾಕೆಟ್ ಕೊಬ್ಬರಿ ಎಣ್ಣೆ."

"ನೀವಾ? ಓದ್ದೋರು?" ಭೀಮರಾಜು ಕಾರಿನಡಿಯಿಂದ ತಲೆ ಹೊರಗೆ ಹಾಕಿದ.

ಮರುಳಪ್ಪನವರು ಎದ್ದು ನಿಂತರು. "ಯಾವ ಪ್ಯಾಕೆಟ್ಟು?"

"ಒಂದೇ ಸಲ, ಮಾವ."

"ನಮ್ಮನೇಗೆ ಪ್ಯಾಕೆಟ್ ಎಣ್ಣೆ ಯಾವಾಗಮ್ಮ ಬಂತು? ಇನ್ನೂರು ಮರ ಮಡಿಕ್ಕಂಡು ಮರುಳಪ್ಪ ಅಂಗ್ಡಿ ಎಣ್ಣೆ ತತ್ತಾನೆ ಅಂತ ಇವನು ಊರೆಲ್ಲ ಸಾರ್ಕಂಡು ಬರ್ಲಿ ಅಂತಲಾ?"

"ನಾನ್ಯಾಕೆ ಹೇಳ್ಲಿ ಯಜಮಾನ್ರೇ," ಎಂದ ಭೀಮರಾಜು, ಖಂಡಿತ ಹೇಳುವವನ ದನಿಯಲ್ಲಿ.

"ಕೇಳ್ಲಾ ಭೀಮಾ. ಅದು ನಮ್ಮ ತೋಟದ್ದು, ಗಾಣದ್ದು. ಹಾಕಿದ್ದು ನಾನು, ಎರಡು ವಾರದ ಹಿಂದೆ, ಈ ಕೈಯಾಗೆ, ಅರ್ಧ ಲೋಟ. ಪ್ಯಾಕೆಟ್ಟಂತೆ, ಪ್ಯಾಕೆಟ್ಟು!"

ಭೀಮರಾಜು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದ. "ದಿಟ ಕಣ್ರೀ. ಅಸಲಿ ಮಾಲು."

"ಮತ್ತೆ!" ಎಂದರು ಮರುಳಪ್ಪನವರು.

"ಎರಡೇ ವಾರಕ್ಕೆ ಬ್ರೇಕ್ ತಿಂದದೆ ಅಂದ್ರೆ ಅಸಲೀನೇ."

ಮರುಳಪ್ಪನವರು ಮತ್ತೆ ಟೈರಿನ ಮೇಲೆ ಕೂತರು.

ನಾಲ್ಕು ಗಂಟೆಯ ಹೊತ್ತಿಗೆ ಹಳೆಯ ರಬ್ಬರುಗಳು ಪೇಪರಿನ ಮೇಲೆ ಸಾಲಾಗಿ ಬಿದ್ದಿದ್ದವು. ಮರುಳಪ್ಪನವರು ಒಂದು ಹಳೆಯದನ್ನು ಒಂದು ಹೊಸದರ ಪಕ್ಕ ಹಿಡಿದು ನೋಡಿದರು. ಹಳೆಯದು ದಪ್ಪಗಾಗಿ, ಮೆತ್ತಗಾಗಿ, ಬೆರಳಿಗೆ ಜಾರುತ್ತಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟರು. ಎರಡನೇ ಸಲ ಏರ್ ತೆಗೆಯುವಾಗ ಪಂಚೆ ಮೇಲೆ ಕಟ್ಟಿ, ತಾವೇ ಚಕ್ರದ ಬಳಿ ಮಂಡಿಯೂರಿ ಬಾಟಲಿ ಹಿಡಿದರು. ನಾಲ್ಕನೇ ಚಕ್ರದಲ್ಲಿ ಭೀಮರಾಜು, "ಆಯ್ತು," ಎಂದ.

"ಇನ್ನೊಂದು ಗುಳ್ಳೆ ಬಂತು ಕಣ್ಲಾ. ಬಿಗಿ ಮಾಡಬ್ಯಾಡ."

"ಅದು ಆಗ್ಲೇ ಬಂದಿದ್ದು."

"ಮಗು ಓಡಾಡೋ ಕಾರು. ಇನ್ನೊಂದಪ ಒತ್ಸು."

ಜೀವಿತಾ ಇನ್ನೊಂದು ಸಲವಲ್ಲ, ಆರು ಸಲ ಒತ್ತಿದಳು. ಪೆಡಲ್ ಅರ್ಧ ದಾರಿಗೇ ಕಲ್ಲಿನಂತೆ ನಿಂತಿತು.

ಊರಿಗೆ ಮರಳುವಾಗ ಖಾಲಿ ರಸ್ತೆ ಸಿಕ್ಕಲ್ಲಿ ಅವಳು ವೇಗ ಏರಿಸಿ ಬ್ರೇಕ್ ಒತ್ತಿದಳು. ಕಾರು ನಿಂತಿತು. ಮಾವನ ಹೆಗಲ ಮೇಲಿನ ಟವೆಲ್ ಮಡಿಲಿಗೆ ಬಿತ್ತು. ಮತ್ತೆ ಏರಿಸಿ ಒತ್ತಿದಳು. ಮೂರನೇ ಸಲಕ್ಕೆ ಟವೆಲ್ ಕಾಲಡಿಗೆ ಹೋಯಿತು.

"ಹಿಡೀತದೆ ಬುಡು ಮಗಾ," ಎಂದರು ಅವರು.

ಜೀವಿತಾ ಕನ್ನಡಿ ನೋಡಿದಳು. ಹಿಂದೆ ಯಾರೂ ಬರುತ್ತಿರಲಿಲ್ಲ.

"ಇನ್ನೊಂದೇ ಸಲ, ಮಾವ."

ಮರುಳಪ್ಪನವರು ಎರಡೂ ಕೈಗಳಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು.