ಸೇತುವೆ ದಾಟಿ ಬಂದ ಸೀರೆ

ಲಿಂಗಮ್ಮನ ಮೈ ತೊಳೆದು ಅರಿಸಿನ ಹಚ್ಚಿದ ಹೆಂಗಸರು ಹಳೆಯ ಪಂಚೆಯೊಂದನ್ನು ಹೊದಿಸಿ ಬಾಗಿಲ ಕಡೆ ನೋಡಿದರು. ಮೇಲೆ ಹೊದಿಸಲು ತವರಿನ ಸೀರೆ ಬರಬೇಕಿತ್ತು. ಅದು ಬಾರದೆ ಹೆಣ ಎತ್ತುವಂತಿರಲಿಲ್ಲ.

"ಪೇಟೇಲಿ ಒಂದು ತಂದು, ತವರಿಂದು ಅಂದ್ರಾಯ್ತು," ಎಂದ ಗಂಡ ತಿಮ್ಮಯ್ಯ.

"ಸುಳ್ಳು ಸೀರೆ ಹೊದ್ಕೊಂಡು ಹೋಗ್ಬೇಕಾ ನಮ್ಮವ್ವ?" ಎಂದಳು ಮಗಳು ಮುದ್ದಿ.

ಜಗಲಿಯಲ್ಲಿದ್ದ ಹಿರಿಯ ಜವರಯ್ಯ ಎಲೆಅಡಿಕೆ ಉಗಿದ. "ಅದೆಲ್ಲಾ ಆಗಕ್ಕಿಲ್ಲ ಕಣ್ಲಾ ತಿಮ್ಮ. ಆಳು ಹೋಗವ್ನೆ. ನಿನ್ ಭಾವ ಸಣ್ಣಸ್ವಾಮಿ ಬತ್ತಾನೆ ತಡಿ."

"ಅವ್ನಾ? ನಮ್ ಬಾಗ್ಲಲ್ಲಿ ಬಗ್ಗುದ್ರೆ ಕಿರೀಟ ಬಿದ್ದೋಯ್ತದೆ!"

*

ಲಿಂಗಮ್ಮನ ಅಣ್ಣ ಸಣ್ಣಸ್ವಾಮಿಯ ಮಗನ ಮದುವೆಯಲ್ಲಿ ತಿಮ್ಮಯ್ಯನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ. ಬಡಿಸುತ್ತಿದ್ದ ಹೆಂಡತಿಯ ಕೈಯಿಂದ ಸಾರಿನ ಪಾತ್ರೆ ಇಳಿಸಿ ಕರೆದುಕೊಂಡು ಬಂದವನು, ಮತ್ತೆಂದೂ ಅವಳನ್ನು ಅಲ್ಲಿಗೆ ಕಳಿಸಲಿಲ್ಲ.

ಹೊಳೆಯ ಈಚೆ ಕೊಡಗು ರಾಜ್ಯ, ಆಚೆ ಲಿಂಗಮ್ಮನ ತವರಿದ್ದ ಮೈಸೂರು. ಜನ ಎಮ್ಮೆ ಹೊಡೆದುಕೊಂಡು ದಿನವೂ ಸೇತುವೆ ದಾಟುತ್ತಿದ್ದರು. ಲಿಂಗಮ್ಮ ಬಟ್ಟೆ ಒಗೆಯಲು ಈ ದಡಕ್ಕೆ ಹೋದರೆ, ಅಣ್ಣನ ಹೆಂಡತಿ ಚಲುವಮ್ಮ ಎದುರು ದಡಕ್ಕೆ ಬರುತ್ತಿದ್ದಳು. ನೀರಿನ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಮಗುವಿನ ಜ್ವರ, ಹಸು ಕರು ಹಾಕಿದ್ದು, ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಿಕೊಳ್ಳುತ್ತಿದ್ದರು.

*

ಮಧ್ಯಾಹ್ನ ಆಳಿನ ಹಿಂದೆ ಚಲುವಮ್ಮ ಒಬ್ಬಳೇ ಬಂದಳು. ಕಂಕುಳಲ್ಲಿ ಒಂದು ಗಂಟಿತ್ತು.

"ಸಣ್ಣಸ್ವಾಮಿ ಎಲ್ಲವ್ವ?" ಎಂದ ಜವರಯ್ಯ.

"ಬರಕ್ಕಿಲ್ಲ. ತಿಮ್ಮಯ್ಯನೇ ಬಂದು ಕರೀಲಿ, ಆಮೇಲೆ ಸೀರೆ ಅಂದ್ರು."

"ಮತ್ತೆ ಗಂಟಲ್ಲಿರೋದು?"

"ನಮ್ಮವ್ವ ನಂಗೆ ಕೊಟ್ಟಿದ್ದು. ನಾ ಸತ್ತಾಗ ಹೊದ್ಸಕ್ಕೆ ಅಂತ ಇಟ್ಟಿದ್ದೆ."

"ತವರಿನ ಗಂಡಸಲ್ವಾ ಹೊದಿಸ್ಬೇಕಾದ್ದು?"

"ಗಂಡಸ್ರು ಮುನಿಸ್ಕೊಂಡವ್ರೆ ಮಾವ. ಹೆಣ ಎಷ್ಟೊತ್ತು ಕಾದದು?"

ತಿಮ್ಮಯ್ಯ ಜವರಯ್ಯನ ಮುಖ ನೋಡಿದ. ಜವರಯ್ಯ ಬಿಸಿಲನ್ನು ನೋಡಿದ.

"ಹೊತ್ತು ಇಳೀತಾ ಅದೆ. ಹೊದಿಸವ್ವ."

ಚಲುವಮ್ಮ ಸೀರೆ ಬಿಚ್ಚಿ ಹೊದಿಸಿ ಸುಕ್ಕು ತೆಗೆದಳು. ಮುದ್ದಿ ಇನ್ನೊಂದು ಅಂಚು ಹಿಡಿದು ಮೆಲ್ಲಗೆ ಕೇಳಿದಳು, "ಅತ್ತೆ, ಮಾವ ಸುಮ್ನೆ ಬಿಟ್ರಾ?"

"ಹೋದವಳು ಹಂಗೇ ಹೋಗು, ತಿರುಗಿ ಬರಬೇಡ ಅಂದ್ರು."

"ಈಗ ಎಲ್ಲಿಗೆ ಹೋಗ್ತೀರಿ? ನಿಮ್ಮ ತವರಿಗಾ?"

"ಅವ್ವ ಇದ್ದಿದ್ರೆ ಹೋಗ್ತಿದ್ದೆ. ಆ ಕಡೆ ಅಂಚು ಒಸಿ ಎಳಿ ಮಗ."

ಹೆಣ ಹೊರಟಿತು. ಉಳಿದ ಹೆಂಗಸರು ಕೊಡಗಟ್ಟಲೆ ನೀರು ತಂದು ಮನೆ ತೊಳೆಯತೊಡಗಿದರು. ನಡುಮನೆಯಲ್ಲಿ ಕುಳಿತಿದ್ದ ಚಲುವಮ್ಮನಿಗೆ ಒಬ್ಬಳು, "ಒಸಿ ಆಚೆಗೆ ಬನ್ನಿ, ನೀರು ಹಾಕ್ಬೇಕು," ಎಂದಳು. ಅವಳು ಎದ್ದು ಜಗಲಿಗೆ ಬಂದಳು. ನೀರು ಜಗಲಿಗೂ ಹರಿದು ಬಂತು. ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಅಂಗಳಕ್ಕಿಳಿದಳು. ಅಲ್ಲಿ ಸಗಣಿ ನೀರಿನ ಮಡಕೆ ಹಿಡಿದವಳೊಬ್ಬಳು, ಚಲುವಮ್ಮ ಸರಿಯಲೆಂದು ಕಾದು ನಿಂತಿದ್ದಳು.