ಬ್ಯಾಚ್ ನಂಬರಿಲ್ಲದ ಪತ್ರ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ದನಕುರಿಗಳ ಔಷಧಿ ಅಂಗಡಿ ಇಟ್ಟಿದ್ದ ಗಂಗಾಶ್ರೀಗೆ ಇ-ಮೇಲ್ ಇನ್ನೂ ಹೊಸದು. ಲಸಿಕೆ ತಯಾರಿಸುವ ಜೀವಧಾರಾ ಕಂಪನಿಯವರು ಹಟ ಹಿಡಿದು, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಡೀಲರುಗಳಿಗೆಲ್ಲ ಕಂಪ್ಯೂಟರ್ ಕೊಳ್ಳಿಸಿದ್ದರು. ದಿನಾ ಬೆಳಿಗ್ಗೆ ಟೆಲಿಫೋನ್ ತಂತಿ ಅದಕ್ಕೆ ಸಿಕ್ಕಿಸಿ, ಕಿರುಗುಟ್ಟುವ ಸದ್ದು ನಿಲ್ಲುವ ತನಕ ಕಾದು, ಬಂದ ಪತ್ರ ಓದುತ್ತಿದ್ದಳು.

ಆವತ್ತು ಬಂದದ್ದು ಕಂಪನಿಯ ಹೆಸರಿನಲ್ಲಿತ್ತು. ಕುರಿಗಳಿಗೆ ಹಾಕುವ ಕರುಳುಬೇನೆ ಲಸಿಕೆ ಕೆಟ್ಟಿದೆ, ಹಾಕಿದರೆ ಕುರಿ ಸಾಯುತ್ತವೆ, ಇರುವುದನ್ನೆಲ್ಲ ಹನ್ನೊಂದಕ್ಕೆ ಬರುವ ನಮ್ಮ ವ್ಯಾನಿಗೆ ಒಪ್ಪಿಸಿ, ತಡವಾದರೆ ಡೀಲರ್‌ಶಿಪ್ ರದ್ದು ಎಂದಿತ್ತು. ಕೆಳಗೆ ಮ್ಯಾನೇಜರ ಹೆಸರು, ಫೋನ್ ನಂಬರು.

ಅಂಗಡಿಯ ಬೆಂಚಿನ ಮೇಲೆ ಅಂಜನಾಪುರದ ಉಜ್ಜಪ್ಪ ಲಸಿಕೆ ಒಯ್ಯಲು ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಕೂತಿದ್ದ. ಕರುಳುಬೇನೆ ಬಂದು ಎರಡೇ ದಿನದಲ್ಲಿ ಅವನ ಐದು ಕುರಿ ಸತ್ತಿದ್ದವು. ಇವತ್ತು ಲಸಿಕೆ ಇಲ್ಲವೆಂದರೂ ಅವನು ಎದ್ದು ಹೋಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ವ್ಯಾನ್ ಬಂತು. ಕಂಪನಿಯ ಟೋಪಿ ಹಾಕಿದ್ದವನು ಇಳಿದು, ಸೊರಬದ ಡೀಲರದ್ದು ಬೆಳಿಗ್ಗೆಯೇ ಎತ್ತಿಕೊಂಡು ಬಂದೆ, ಬೇಗ ಕೊಡಿ ಎಂದ. ಗಂಗಾಶ್ರೀ ಫ್ರಿಜ್ಜಿನಿಂದ ಪೆಟ್ಟಿಗೆಗಳನ್ನು ತೆಗೆದು ಟೇಬಲ್ಲಿನ ಮೇಲೆ ಜೋಡಿಸಿದಳು. ರಸೀದಿ ಬರೆಯಲು ಕೂತಾಗ ಬ್ಯಾಚ್ ನಂಬರಿನ ಜಾಗದಲ್ಲಿ ಪೆನ್ನು ನಿಂತಿತು.

“ಯಾವ ಬ್ಯಾಚ್ ಕೆಟ್ಟಿರೋದು?”

“ಎಲ್ಲಾ ಕೆಟ್ಟಾವ್ರೀ ಮೇಡಂ.”

ಅವಳಲ್ಲಿದ್ದದ್ದು ಮೂರು ಬೇರೆ ಬೇರೆ ತಿಂಗಳಲ್ಲಿ ತಯಾರಾದ ಮೂರು ಬ್ಯಾಚಿನ ಮಾಲು. ಮೂರೂ ಒಟ್ಟಿಗೆ ಕೆಡುವುದೆಂದರೇನು? ಒಳಗೆ ಹೋಗಿ ಪತ್ರವನ್ನು ಮತ್ತೆ ಓದಿದಳು. ಬ್ಯಾಚ್ ನಂಬರೇ ಇಲ್ಲ. ಯಾವಾಗಲೂ ಹೆಸರು ಹಿಡಿದು ಬರೆಯುತ್ತಿದ್ದವರು ಈ ಸಲ ಬರೀ ‘ಪ್ರಿಯ ಡೀಲರ್’ ಎಂದಿದ್ದರು. ಹಳೆಯ ಪತ್ರ ತೆರೆದು ಕಳಿಸಿದವರ ವಿಳಾಸ ಹೋಲಿಸಿದಳು. ಇವತ್ತಿನದರಲ್ಲಿ ಕಂಪನಿಯ ಹೆಸರಿಗೆ ಒಂದು ಅಕ್ಷರ ಕಮ್ಮಿ. ಕಂಪನಿಯನ್ನೇ ಕೇಳಬೇಕೆಂದು ಎದ್ದಳು.

ಅವಳು ತಂತಿ ಕಿತ್ತು ಫೋನಿಗೆ ಹಾಕುವುದನ್ನು ಕಂಡು, ಟೋಪಿಯವನೇ ಹೇಳಿದ: “ಆ ಪತ್ರದಾಗಿನ ನಂಬರಿಗೇ ಮಾಡ್ರಿ. ಸಾಹೇಬ್ರೇ ಎತ್ತತಾರ.”

ತಿರುಗಿಸಲು ಹೊರಟ ಬೆರಳು ನಿಂತಿತು. ಅವನು ಹೇಳಿದ ನಂಬರು ಬೇಡ. ಲಸಿಕೆ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ನಂಬರನ್ನು ತಿರುಗಿಸಿದಳು. ಎಂಗೇಜ್. ಮತ್ತೆ ಎಂಗೇಜ್. ಟೋಪಿಯವನು ಸಹನೆ ಕೆಟ್ಟು ಎರಡು ಪೆಟ್ಟಿಗೆ ಎತ್ತಿಕೊಂಡ. ಅಷ್ಟರಲ್ಲಿ ಉಜ್ಜಪ್ಪ ಬೆಂಚಿನಿಂದೆದ್ದು ಬಾಗಿಲಿಗೆ ಅಡ್ಡ ನಿಂತ.

ಐದನೇ ಸಲಕ್ಕೆ ಲೈನು ಸಿಕ್ಕಿತು. ಅಂಥ ಪತ್ರವನ್ನೂ ಕಳಿಸಿಲ್ಲ, ವ್ಯಾನನ್ನೂ ಕಳಿಸಿಲ್ಲ, ಲಸಿಕೆಯೂ ಕೆಟ್ಟಿಲ್ಲ ಎಂದರು ಕಂಪನಿಯವರು.

ಗಂಗಾಶ್ರೀ ರಿಸೀವರನ್ನು ಟೋಪಿಯವನತ್ತ ಚಾಚಿದಳು. “ಕಂಪನಿಯೋರು ಲೈನಲ್ಲಿದ್ದಾರೆ. ನೀವೇ ಮಾತಾಡ್ರಿ.”

ಕಾಗದಪತ್ರ ತರುತ್ತೇನೆಂದು ಅವನು ಪೆಟ್ಟಿಗೆ ಇಳಿಸಿ, ಉಜ್ಜಪ್ಪನನ್ನು ಸವರಿಕೊಂಡು ಹೊರಗೆ ಹೋದ. ವ್ಯಾನು ಶಿರಾಳಕೊಪ್ಪದ ದಾರಿ ಹಿಡಿಯಿತು. ವ್ಯಾನಿನ ನಂಬರನ್ನು ಪೊಲೀಸರಿಗೆ ಕೊಟ್ಟಳು, ಅವರು ಬರೆದುಕೊಂಡರು. ಆ ವರ್ಷ ಲಸಿಕೆ ಎಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ, ಕದ್ದ ಮಾಲೂ ದುಪ್ಪಟ್ಟು ಬೆಲೆಗೆ ಹೋಗುತ್ತಿತ್ತು.

ಉಜ್ಜಪ್ಪನ ಫ್ಲಾಸ್ಕ್ ತುಂಬಿಸಿ ಕಳಿಸಿದ ಮೇಲೆ ಸೊರಬದ ಡೀಲರ್ ನಾಗರಾಜನಿಗೆ ಫೋನ್ ಮಾಡಿದಳು. ಅವನು ಒಂದು ಬಾಟಲಿಯನ್ನೂ ಉಳಿಸಿಕೊಳ್ಳದೆ ಕೊಟ್ಟುಬಿಟ್ಟಿದ್ದ. “ಕಂಪನಿ ಹೆಸರೇ ಇತ್ತಲ್ಲ ಗಂಗಕ್ಕ” ಎಂದ. ಅವಳಿಗೆ ಬೈಯಲು ಬಾಯಿ ಬರಲಿಲ್ಲ. ತಾನೂ ಫ್ರಿಜ್ಜಿನಿಂದ ಪೆಟ್ಟಿಗೆ ತೆಗೆದಿಟ್ಟವಳೇ.

ಕುಪ್ಪಗಡ್ಡೆಯಿಂದ ಲಸಿಕೆಗೆಂದು ಬಂದ ಕುರಿಯವರು ಅವನ ಅಂಗಡಿಯಲ್ಲಿ ಕಾದಿದ್ದಾರಂತೆ. ಉಳಿದದ್ದರಲ್ಲಿ ಅರ್ಧಕ್ಕೆ ಐಸ್ ಕಟ್ಟಿ, ಎರಡು ಗಂಟೆಯ ಸೊರಬದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನಾಗರಾಜನಿಗಲ್ಲದೆ ಬೇರೆ ಯಾರಿಗೂ ಕೊಡಬೇಡಿ ಎಂದು ಎರಡು ಸಲ ಹೇಳಿ ಬಂದಳು.